ಅಟ್ಟದ ಗಂಗಾಳ ಊಟದ ಮೇಜಿಗೆ: ಹಳೆಯ ಪಾತ್ರೆಗಳನ್ನು ಮತ್ತೆ ಬಳಕೆಗೆ ತರುವ ಬಗೆ

ಲಿಂಗಸುಗೂರಿನಲ್ಲಿ ನನ್ನ ತಾಯಿಯ ತವರುಮನೆಯನ್ನು ಕೆಡವಿ ಕಟ್ಟಿಸುವಾಗ ಅಟ್ಟದಿಂದ ಮೂರು ಗೋಣಿಚೀಲ ಪಾತ್ರೆ ಇಳಿದವು. ಗುಜರಿಯವನು ಆಗಲೇ ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಿತ್ತಾಳೆಗೆ ಒಂದು ದರ, ಕಂಚಿಗೆ ಇನ್ನೊಂದು ದರ. ಯಾವುದು ಹಿತ್ತಾಳೆ, ಯಾವುದು ಕಂಚು ಎಂಬುದು ಅವನಿಗೆ ಗೊತ್ತಿತ್ತು, ಮನೆಯವರಿಗೆ ಗೊತ್ತಿರಲಿಲ್ಲ. ಸೋದರಮಾವ ಎರಡು ಚೀಲಗಳನ್ನು ನನ್ನ ಕಡೆ ತಳ್ಳಿ, "ನಿನಗೆ ಇವುಗಳ ಹುಚ್ಚು, ಒಯ್ದುಬಿಡು" ಎಂದರು. ಬಸ್ಸಿನ ಮೇಲೆ ಹೇರಿಕೊಂಡು ಬಳ್ಳಾರಿಗೆ ತಂದೆ.

ತಂದ ವಾರವೇ ನೆಂಟರನ್ನು ಕರೆದು, ತೊಳೆದ ಪಾತ್ರೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದೆ. ಎಲ್ಲರೂ ಹೊಗಳಿದರು. ಉಳಿದ ಪುಂಡಿಪಲ್ಯವನ್ನು ಹಿತ್ತಾಳೆಯ ಬಟ್ಟಲಿನಲ್ಲೇ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಪಲ್ಯದ ಅಂಚಿನ ಸುತ್ತ ಹಸಿರುಗಪ್ಪು ಗೆರೆ, ಬಾಯಿಗಿಟ್ಟರೆ ನಾಲಿಗೆ ಸೆಳೆಯುವ ಒಗರು. ಪುಂಡಿಸೊಪ್ಪಿನ ಹುಳಿ ರಾತ್ರಿಯೆಲ್ಲ ಬಟ್ಟಲಿನ ತಾಮ್ರವನ್ನು ಎಳೆದುಕೊಂಡಿತ್ತು. ಅಂದಿನಿಂದ ಪಾತ್ರೆಯ ಅಂದವನ್ನು ಆಮೇಲೆ ನೋಡುತ್ತೇನೆ. ಅದರಲ್ಲಿ ಏನು ಬಡಿಸುತ್ತೇವೆ, ಎಷ್ಟು ಹೊತ್ತು ಇಡುತ್ತೇವೆ ಎಂಬುದನ್ನು ಮೊದಲು ನೋಡುತ್ತೇನೆ. ಕೆಳಗಿರುವ ಹಂತಗಳೆಲ್ಲ ಹುಟ್ಟಿದ್ದು ಆ ಪಲ್ಯದಿಂದಲೇ.

ಹಂತ 1: ಯಾವ ಲೋಹ ಎಂದು ಗುರುತಿಸುವುದು

ಒಂದು ಅಯಸ್ಕಾಂತ, ಒಂದು ಮರದ ಸೌಟು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಹಿತ್ತಾಳೆಯ ಬಣ್ಣ ಕೊಟ್ಟ ಪಾತ್ರೆ. ಹೂದಾನಿ ಮಾಡಿಕೊಳ್ಳಿ, ಊಟಕ್ಕೆ ಬೇಡ.

ಅಂಟದಿದ್ದರೆ ದನಿ ಕೇಳಿ. ತಾಟನ್ನು ಐದು ಬೆರಳ ತುದಿಗಳ ಮೇಲೆ ಕೂರಿಸಿ ಅಂಚಿಗೆ ಸೌಟಿನಿಂದ ಮೆಲ್ಲಗೆ ತಟ್ಟಿ. ಕಂಚು ದೇವಸ್ಥಾನದ ಗಂಟೆಯಂತೆ ಬಹಳ ಹೊತ್ತು ಗುಂಯ್ ಎನ್ನುತ್ತದೆ. ಗಂಟೆ, ಜಾಗಟೆ, ಊಟದ ಕಂಚಿನ ತಾಟು ಒಂದೇ ಬಳಗದವು: ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಹಿತ್ತಾಳೆಯಲ್ಲಿ ತಾಮ್ರಕ್ಕೆ ಬೆರೆತಿರುವುದು ಸತು. ಅದರ ದನಿ ಬೇಗ ಸಾಯುತ್ತದೆ. ಬಣ್ಣದಲ್ಲೂ ವ್ಯತ್ಯಾಸವಿದೆ: ತಿಕ್ಕಿದ ಹಿತ್ತಾಳೆ ಹಳದಿ, ತಿಕ್ಕಿದ ಕಂಚು ಬೆಲ್ಲದ ಪಾಕಕ್ಕೆ ಸ್ವಲ್ಪ ಬೂದಿ ಬೆರೆಸಿದಂತಿರುತ್ತದೆ. ತಟ್ಟಿದಾಗ ಜರ್ ಎಂದು ಒಡಕು ದನಿ ಬಂದರೆ ಎಲ್ಲೋ ಸೀಳಿದೆ ಎಂದರ್ಥ. ಕಂಚು ಗಟ್ಟಿ, ಆದರೆ ಪೆಡಸು. ಕಲ್ಲಿನ ನೆಲಕ್ಕೆ ಬಿದ್ದರೆ ಹಿತ್ತಾಳೆ ಸೊಟ್ಟಗಾಗುತ್ತದೆ, ಕಂಚು ಬಿರಿಯುತ್ತದೆ.

ಬಿಳಿ ಬಣ್ಣದ ಲೋಹಗಳಲ್ಲಿ ಮೋಸ ಹೆಚ್ಚು. ನಮ್ಮ ಕಡೆ ಹಳಬರು "ಜರ್ಮನ್ ಪಾತ್ರೆ" ಎಂದರೆ ಅಲ್ಯೂಮಿನಿಯಂ. ಎತ್ತಿದರೆ ಹಗುರ, ಗೊತ್ತಾಗಿಬಿಡುತ್ತದೆ. "ಜರ್ಮನ್ ಸಿಲ್ವರ್" ಬೇರೆಯದೇ. ತಾಮ್ರ, ನಿಕ್ಕಲ್, ಸತುಗಳ ಆ ಮಿಶ್ರಣದಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಅದಕ್ಕೆ ಬೆಳ್ಳಿಯ ನೀರು ಕೊಟ್ಟರೆ ಇಂಗ್ಲಿಷಿನಲ್ಲಿ ಇಪಿಎನ್‌ಎಸ್ ಎಂಬ ನಾಲ್ಕು ಅಕ್ಷರ ಒತ್ತುತ್ತಾರೆ. ಬಳ್ಳಾರಿಯ ದಂಡು ಪ್ರದೇಶದ ಹಳೆಯ ಮನೆಗಳ ಚಮಚಗಳನ್ನು ತಿರುಗಿಸಿ ನೋಡಿ, ಆ ಅಕ್ಷರಗಳಿದ್ದರೆ ಬೆಳ್ಳಿಯ ಬೆಲೆ ಕೊಡಬೇಡಿ.

ಅಕ್ಷರವೇ ಇಲ್ಲದಿದ್ದರೆ ನೀರಿನ ಪರೀಕ್ಷೆ ಮಾಡಿ. ಬಟ್ಟಲನ್ನು ಮೊದಲು ತೂಗಿಕೊಳ್ಳಿ, 210 ಗ್ರಾಂ ಎಂದಿಟ್ಟುಕೊಳ್ಳೋಣ. ತಕ್ಕಡಿಯ ಮೇಲೆ ನೀರು ತುಂಬಿದ ಅಗಲ ಪಾತ್ರೆಯಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಬಟ್ಟಲಿಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ತಕ್ಕಡಿ 20ರ ಹತ್ತಿರ ತೋರಿಸಿದರೆ ಬೆಳ್ಳಿ, 24ರ ಹತ್ತಿರ ತೋರಿಸಿದರೆ ಜರ್ಮನ್ ಸಿಲ್ವರ್ ಅಥವಾ ಅಂಥದೇ ಇನ್ನೊಂದು. ಬಟ್ಟಲಿನ ತೂಕವನ್ನು ಈ ಅಂಕಿಯಿಂದ ಭಾಗಿಸಿ ನೋಡಿ: ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ ಸುಮಾರು 10.5 ಗ್ರಾಂ ತೂಗುತ್ತದೆ, ಜರ್ಮನ್ ಸಿಲ್ವರ್ 8.7ರ ಆಸುಪಾಸು. ಚಿಕ್ಕ ಚಮಚಕ್ಕೆ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯೇ ಬೇಕು.

ಹಂತ 2: ತಿಕ್ಕುವ ಮೊದಲು ಓದುವುದು

ಈ ಹಂತವನ್ನು ನಾನು ಹಾರಿಸಿಬಿಟ್ಟೆ, ಅದಕ್ಕೇ ಇಲ್ಲಿ ತುಸು ನಿಲ್ಲುತ್ತೇನೆ. ಮದುವೆಗೆ, ಗೃಹಪ್ರವೇಶಕ್ಕೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದ ಆ ಅಕ್ಷರಗಳು ಕಿಲುಬಿನ ಕೆಳಗೆ ಮುಚ್ಚಿಹೋಗಿರುತ್ತವೆ. ಅಜ್ಜಿಯ ಗಂಗಾಳ (ಎತ್ತರದ ಅಂಚಿನ ಅಗಲ ಊಟದ ತಾಟು) ಬೇಗ ಹೊಳೆಯಲಿ ಎಂದು ಒಂದು ಅಂಗಡಿಯಲ್ಲಿ ಪಾಲಿಶ್ ಯಂತ್ರಕ್ಕೆ ಕೊಟ್ಟೆ. ಸಂಜೆ ಕನ್ನಡಿಯಂತೆ ಮಿರುಗುತ್ತ ಬಂತು, ಅಂಚಿನ ಕೆಳಗಿದ್ದ ಹೆಸರು ಅರ್ಧಕ್ಕರ್ಧ ಸವೆದು ಹೋಗಿತ್ತು. ಅಂಗಡಿಯವನನ್ನು ಬೈದು ಪ್ರಯೋಜನವಿರಲಿಲ್ಲ. ಹೆಸರಿದೆ ಎಂದು ನಾನು ಹೇಳಿರಲೂ ಇಲ್ಲ, ನೋಡಿರಲೂ ಇಲ್ಲ.

ಆದ್ದರಿಂದ ಮೊದಲು ಬರೀ ನೀರಿನಲ್ಲಿ ಧೂಳು ತೊಳೆದು ಒರೆಸಿ. ಮೊಬೈಲಿನ ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ, ಚುಕ್ಕೆಗಳ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಅಂಚಿನ ಹೊರಗೆ, ಬುಡದಲ್ಲಿ, ತಂಬಿಗೆಯ ಕಂಠದ ಕೆಳಗೆ ಹುಡುಕಿ. ಕಂಡದ್ದನ್ನು ಫೋಟೋ ತೆಗೆದಿಡಿ.

ವರ್ಷ ಬರೆದಿದ್ದರೆ ಅದು ಯಾವ ಲೆಕ್ಕದ್ದು ಎಂದು ನೋಡಬೇಕು. ಶಕವರ್ಷವಾದರೆ 78 ಕೂಡಿಸಿ: ಶಕ 1850 ಎಂದರೆ 1928ರಲ್ಲಿ ಮೊದಲಾದ ವರ್ಷ. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. "ಪರಾಭವ" ಎಂದಿದ್ದರೆ 1906ರದ್ದೂ ಆಗಬಹುದು, 1966ರದ್ದೂ ಆಗಬಹುದು. ಆಗ ಹೆಸರಿನವರು ಯಾವ ತಲೆಮಾರು ಎಂದು ಮನೆಯ ಹಿರಿಯರನ್ನೇ ಕೇಳಬೇಕು. ರಾಯಚೂರು, ಕೊಪ್ಪಳ ನಿಜಾಮರ ಸೀಮೆಯಲ್ಲಿದ್ದುದರಿಂದ ಆ ಕಡೆಯ ಪಾತ್ರೆಗಳ ಮೇಲೆ ಕಂದಾಯದ ಲೆಕ್ಕದ ಫಸಲಿ ವರ್ಷವೂ ಇರಬಹುದು, ಅದಕ್ಕೆ 590 ಕೂಡಿಸಿ. ಫಸಲಿ 1350 ಎಂದರೆ 1940ರಲ್ಲಿ ಶುರುವಾದ ವರ್ಷ. ನನ್ನ ಚೀಲದಲ್ಲಿದ್ದ ಒಂದು ತಂಬಿಗೆಯ ಮೇಲೆ ಕನ್ನಡ ಮತ್ತು ಉರ್ದು ಎರಡರಲ್ಲೂ ಅಕ್ಷರಗಳಿವೆ. ಯಾರು ಯಾರಿಗೆ ಕೊಟ್ಟದ್ದೋ, ಮಾವನಿಗೂ ಗೊತ್ತಿಲ್ಲ.

ಹಂತ 3: ತೊಳೆಯುವುದು

ಬಳ್ಳಾರಿಯ ಕೆಂಧೂಳಿಗೆ ಒಂದು ಮಾತು. ಅದು ಕಬ್ಬಿಣದ ಅದಿರಿನ ಪುಡಿ. ಅಕ್ಕಸಾಲಿಗರು ಚಿನ್ನ ಹೊಳಪಿಸಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ಆದರೆ ಅದು ವಿಭೂತಿಯಷ್ಟು ನಯ. ನಮ್ಮ ಧೂಳಿನಲ್ಲಿ ಹರಳಿದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಪಾತ್ರೆಯ ಮೈತುಂಬ ಗೀರು. ಮೊದಲು ನೀರು, ಆಮೇಲೆ ಬಟ್ಟೆ.

ಹಿತ್ತಾಳೆ, ತಾಮ್ರ, ಕಂಚಿಗೆ ಹುಣಸೆಹಣ್ಣಿಗಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ. ಹಳೆಯ ಹುಣಸೆಯನ್ನು ನೆನೆಸಿ, ಚಿಟಿಕೆ ಉಪ್ಪು ಹಾಕಿ ಹಚ್ಚಿ, ಐದು ನಿಮಿಷ ಬಿಟ್ಟು ಕೈಯಿಂದಲೋ ತೆಂಗಿನ ನಾರಿನಿಂದಲೋ ತಿಕ್ಕಿ. ಕಿಲುಬು ಗಟ್ಟಿಯಾಗಿದ್ದರೆ ಒಂದೇ ಸಲಕ್ಕೆ ಹಟ ಹಿಡಿಯದೆ ಮೂರು ದಿನ ಮೂರು ಸಲ ಮಾಡಿ. ಇಟ್ಟಿಗೆಪುಡಿ, ಉಕ್ಕಿನ ಜುಂಗು, ಶೌಚಾಲಯ ತೊಳೆಯುವ ಆಸಿಡ್ ಬೇಡ. ಆಸಿಡ್ ಹಿತ್ತಾಳೆಯಲ್ಲಿನ ಸತುವನ್ನು ತಿಂದು ತಾಮ್ರವನ್ನು ಬಿಡುತ್ತದೆ, ಹಳದಿ ಪಾತ್ರೆ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹುಣಸೆಯ ನಂತರ ಸೀಗೆಪುಡಿಯಿಂದಲೋ ಸಾಬೂನಿನಿಂದಲೋ ತೊಳೆದು ಹುಳಿ ಪೂರ್ತಿ ಹೋಗುವಂತೆ ಮಾಡಿ. ಕೊಳವೆಬಾವಿಯ ಗಡಸು ನೀರು ತಾನಾಗಿ ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಕೂಡಲೇ ಒರೆಸಿ.

ಹಂತ 4: ಕಲಾಯಿ

ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಬಡಿಸಬೇಕಾದರೆ ಒಳಗೆ ಕಲಾಯಿ, ಅಂದರೆ ತವರದ ತೆಳು ಪದರ, ಇರಲೇಬೇಕು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕೆಳಗಿನ ಆಹಾರ ತಾಮ್ರಕ್ಕೆ ತಾಗಬಾರದು ಎಂಬುದು ಅಮೆರಿಕದ ಆಹಾರ ನಿಯಮ. ನಮ್ಮ ಊಟದಲ್ಲಿ ಮಜ್ಜಿಗೆ, ಮೊಸರು, ಪುಂಡಿಪಲ್ಯ, ಹುಣಸೆ ಹಾಕಿದ ಎಣ್ಣೆಗಾಯಿ, ಸಾರು, ಉಪ್ಪಿನಕಾಯಿ ಎಲ್ಲವೂ ಆ ಗೆರೆಯ ಕೆಳಗೇ ಬೀಳುತ್ತವೆ. ಕಲಾಯಿ ಇಲ್ಲದ ಹಿತ್ತಾಳೆಗೆ ಉಳಿಯುವುದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹೋಳಿಗೆ, ಮಂಡಕ್ಕಿ, ಹೆಚ್ಚದ ಹಣ್ಣು ಮುಂತಾದ ಒಣ ಪದಾರ್ಥ. ರೊಟ್ಟಿ ಹೇರಿಡಲು ಹಿತ್ತಾಳೆಯ ಅಗಲ ಪರಾತ ಇದ್ದರೆ ಅದಕ್ಕೆ ಕಲಾಯಿ ಹಾಕಿಸಬೇಡಿ. ಅದರ ಚೆಂದವೇ ಹೋಗುತ್ತದೆ, ಅಗತ್ಯವೂ ಇಲ್ಲ. ಕಂಚಿಗೆ ಕಲಾಯಿಯ ರೂಢಿ ಇಲ್ಲ. ಉಂಡು ಮುಗಿಸುವಷ್ಟು ಹೊತ್ತು ಕಂಚು ಮಜ್ಜಿಗೆ ತಾಳುತ್ತದೆ, ರಾತ್ರಿಯಿಡೀ ಅಲ್ಲ.

ಕಲಾಯಿಯವನು ಪಾತ್ರೆಯ ಒಳಮೈಯನ್ನು ಉಜ್ಜಿ ಜಿಡ್ಡು, ಕಿಲುಬು ತೆಗೆಯುತ್ತಾನೆ. ತಿದಿಯೂದಿದ ಇದ್ದಿಲ ಒಲೆಯ ಮೇಲೆ ಪಾತ್ರೆಯನ್ನು ತಿರುಗಿಸುತ್ತ ಕಾಯಿಸಿ, ನವಸಾಗರದ ಪುಡಿ ಉದುರಿಸುತ್ತಾನೆ. ದಟ್ಟ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಗಂಟಲಿಗೆ ಕೆಟ್ಟದ್ದು, ಗಾಳಿ ಬೀಸುವ ಕಡೆಯಿಂದ ನಿಂತು ನೋಡಿ, ಮಕ್ಕಳನ್ನು ದೂರವಿಡಿ. ನವಸಾಗರವು ಲೋಹದ ಮೇಲಿನ ಆಕ್ಸೈಡನ್ನು ತೆಗೆದು ತವರ ಹಿಡಿಯಲು ದಾರಿ ಮಾಡಿಕೊಡುತ್ತದೆ. ಕಾದ ಪಾತ್ರೆಗೆ ತವರದ ಕಡ್ಡಿ ತಾಗಿಸಿದರೆ ಬೆಣ್ಣೆಯಂತೆ ಕರಗುತ್ತದೆ, ಹತ್ತಿಯಿಂದ ಒಂದೇ ಓಟಕ್ಕೆ ಬಳಿಯುತ್ತಾನೆ. ಕಪ್ಪು ಪಾತ್ರೆ ಹತ್ತು ಎಣಿಸುವುದರೊಳಗೆ ಬೆಳ್ಳಗಾಗುವುದನ್ನು ನೋಡಲೆಂದೇ ನಾನು ಹೋಗಿ ನಿಲ್ಲುತ್ತೇನೆ.

ನಿಲ್ಲಲು ಇನ್ನೊಂದು ಕಾರಣವೂ ಇದೆ. ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆಸಿದ ಬೆಸುಗೆಯ ಕಡ್ಡಿಯನ್ನೇ ಕಲಾಯಿಗೆ ಬಳಸುವವರಿದ್ದಾರೆ. ಸೀಸ ಮಕ್ಕಳ ಮಿದುಳಿಗೆ ವಿಷ. ಪರೀಕ್ಷೆ ಎರಡು. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ: ಶುದ್ಧ ತವರ ಬಗ್ಗುವಾಗ ಚರ್ ಚರ್ ಎಂದು ನರಳುತ್ತದೆ, ಸೀಸ ಮೂಕ. ಬಿಳಿ ಕಾಗದದ ಮೇಲೆ ಎಳೆಯಿರಿ: ಸೀಸ ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಅನುಮಾನವಿದ್ದರೆ ಶುದ್ಧ ತವರವನ್ನು ನೀವೇ ಕೊಂಡೊಯ್ದು ಕೂಲಿಯನ್ನಷ್ಟೇ ಕೊಡಿ. ಕಲಾಯಿಯವನು ಮುನಿಸಿಕೊಂಡರೆ ಬೇರೊಬ್ಬನನ್ನು ಹುಡುಕಿ. ಬೀದಿಯಲ್ಲಿ ಕೂಗಿಕೊಂಡು ಬರುವವರು ಈಗ ಅಪರೂಪ. ಹಳೆಯ ಪೇಟೆಯ ಪಾತ್ರೆ ಅಂಗಡಿಗಳಲ್ಲಿ, ಮದುವೆ ಅಡುಗೆಯವರಲ್ಲಿ ಕೇಳಿದರೆ ವಿಳಾಸ ಸಿಗುತ್ತದೆ. ದೊಡ್ಡ ತಾಮ್ರದ ದೇಗ್‌ಗಳಲ್ಲಿ ಬಿರಿಯಾನಿ ಮಾಡುವವರಿಗೆ ಖಂಡಿತ ಗೊತ್ತಿರುತ್ತದೆ.

ಕಲಾಯಿ ಆದ ಮೇಲೆ ಒಮ್ಮೆ ನೀರು ಕುದಿಸಿ ಚೆಲ್ಲಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಹಾಗಾಗಿ ಬರಿದಾದ ಪಾತ್ರೆಯನ್ನು ಗ್ಯಾಸಿನ ಮೇಲೆ ಮರೆತರೆ ಕಲಾಯಿ ಹರಿದು ಒಂದು ಕಡೆ ಗುಪ್ಪೆಯಾಗುತ್ತದೆ. ಹುಣಸೆ ಹಚ್ಚಿ ತಿಕ್ಕುವುದು, ಬೂದಿ, ಲೋಹದ ಸೌಟು ಇವು ಕಲಾಯಿಗೆ ಶತ್ರುಗಳು. ಮರದ ಸೌಟು, ಮೆತ್ತನೆಯ ಬಟ್ಟೆ ಸಾಕು. ಒಳಗಿನಿಂದ ಹಳದಿಯೋ ಕೆಂಪೋ ಇಣುಕಿದ ದಿನ ಮತ್ತೆ ಕಲಾಯಿಗೆ ಕಳಿಸಬೇಕು.

ಹಂತ 5: ಪಿಂಗಾಣಿ, ಎನಾಮೆಲ್

ಬಳ್ಳಾರಿ 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿ, 1953ರವರೆಗೆ ಮದರಾಸಿಗೆ ಸೇರಿತ್ತು. ಹಾಗಾಗಿ ಇಲ್ಲಿನ ಕಪಾಟುಗಳಲ್ಲಿ ಇಂಗ್ಲಿಷ್ ಪಿಂಗಾಣಿ ಸಿಕ್ಕರೆ ಆಶ್ಚರ್ಯವಿಲ್ಲ. ತಟ್ಟೆಯ ಬೆನ್ನಿನ ಮುದ್ರೆ ಕಾಲವನ್ನು ಒಂದಷ್ಟು ಹೇಳುತ್ತದೆ. ಆಮದು ವಸ್ತುಗಳ ಮೇಲೆ ದೇಶದ ಹೆಸರಿರಬೇಕು ಎಂದು ಅಮೆರಿಕ 1891ರಲ್ಲಿ ನಿಯಮ ಜಾರಿಗೆ ತಂದ ಮೇಲೆ "ಇಂಗ್ಲೆಂಡ್" ಎಂಬ ಮುದ್ರೆ ಸಾಮಾನ್ಯವಾಯಿತು. "ಚೆಕೊಸ್ಲೊವಾಕಿಯಾ" ಎಂದಿದ್ದರೆ 1918ರ ನಂತರದ್ದು, ಏಕೆಂದರೆ ಆ ದೇಶವೇ ಹುಟ್ಟಿದ್ದು ಆಗ. "ಆಕ್ಯುಪೈಡ್ ಜಪಾನ್" ಎಂದಿದ್ದರೆ ಎರಡನೆಯ ಮಹಾಯುದ್ಧ ಮುಗಿದ ಮೇಲಿನ, 1952ರೊಳಗಿನ ಮಾಲು.

ಮುದ್ರೆಗಿಂತ ಮುಖ್ಯವಾದದ್ದು ಮೇಲ್ಮೈ. ಚಿತ್ರದ ಮೇಲೆ ಬೆರಳಾಡಿಸಿ. ಎಲ್ಲೂ ತಡೆಯದೆ ಜಾರಿದರೆ ಬಣ್ಣ ಗಾಜಿನ ಲೇಪದ ಕೆಳಗಿದೆ. ಬಣ್ಣದ ಅಂಚು ಬೆರಳಿಗೆ ಸಿಕ್ಕರೆ ಲೇಪದ ಮೇಲಿದೆ, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಅಂಥ ತಟ್ಟೆಯಲ್ಲಿ ಉಪ್ಪಿನಕಾಯಿ, ಮೊಸರು, ಬಿಸಿ ಸಾರು ಬೇಡ. ಚಕ್ಕುಲಿ, ಉಂಡೆ ಇಡಿ. ಲೇಪದಲ್ಲಿ ಜೇಡರ ಬಲೆಯಂತೆ ಕೂದಲೆಳೆಯ ಬಿರುಕುಗಳಿದ್ದರೆ ಎಣ್ಣೆ ಒಳಗಿಳಿದು ಕೊಳೆಯುತ್ತದೆ, ಅದನ್ನು ಗೋಡೆಗೆ ಹಾಕಿ. ಚಿನ್ನದ ಅಂಚಿನದನ್ನು ಮೈಕ್ರೋವೇವ್‌ಗೆ ಇಡಬೇಡಿ, ಕಿಡಿ ಹಾರುತ್ತದೆ.

ಕಬ್ಬಿಣದ ಮೇಲೆ ಗಾಜಿನ ಲೇಪ ಕೊಟ್ಟ ಎನಾಮೆಲ್ ತಟ್ಟೆಗಳ ಬಗ್ಗೆ ನನಗೆ ಮಮತೆ ಇಲ್ಲ. ಚಕ್ಕೆ ಎದ್ದಿದ್ದರೆ ಎಸೆಯಿರಿ. ಊಟದೊಳಗೆ ಗಾಜಿನ ಚೂರು ಬೀಳುತ್ತದೆ. ಒಳಮೈ ಕೆಂಪು, ಕಿತ್ತಳೆ, ಹಳದಿ ಇದ್ದರೆ ಚಕ್ಕೆ ಏಳದಿದ್ದರೂ ಊಟಕ್ಕೆ ಬೇಡ, ಆ ಬಣ್ಣಗಳಿಗೆ ಕ್ಯಾಡ್ಮಿಯಂ ಬಳಸುತ್ತಿದ್ದರು.

ಹಂತ 6: ಬೆಳ್ಳಿ

ಕಪ್ಪಾದ ಬೆಳ್ಳಿಯನ್ನು ತಿಕ್ಕಿದಷ್ಟೂ ಬೆಳ್ಳಿ ಸವೆಯುತ್ತದೆ. ಅಗಲ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬೆಳ್ಳಿಯನ್ನು ಅದಕ್ಕೆ ತಾಗುವಂತಿಟ್ಟು, ಕುದಿಯುವ ನೀರಿಗೆ ಅಡುಗೆ ಸೋಡಾ ಮತ್ತು ಉಪ್ಪು ಕಲಸಿ ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಬೆಳ್ಳಿ ಹಿಡಿದಿದ್ದ ಗಂಧಕ ಬಿಟ್ಟುಹೋಗುತ್ತಿದೆ. ಚಿತ್ರದ ಸಂದಿಗಳಲ್ಲಿ ಬೇಕೆಂದೇ ಕಪ್ಪು ಉಳಿಸಿದ ಕೆಲಸವಿದ್ದರೆ ಈ ಉಪಾಯ ಬೇಡ, ಅದೂ ಅಳಿಸಿಹೋಗುತ್ತದೆ. ಬೀದರಿನ ಬಿದ್ರಿಗಂತೂ ಸರ್ವಥಾ ಬೇಡ. ಬಿದ್ರಿಯ ಒಡಲು ಸತು. ಮೇಜಿನ ಅಲಂಕಾರಕ್ಕಿಡಿ, ಅದರಲ್ಲಿ ಉಣ್ಣಬೇಡಿ.

ಬೆಳ್ಳಿಯ ಬಟ್ಟಲಿನಲ್ಲಿ ಪಾಯಸ, ಹಾಲು, ತುಪ್ಪ ಚೆನ್ನ. ಉಪ್ಪನ್ನು ಅದರಲ್ಲೇ ಬಿಟ್ಟರೆ ಹುಳ ತಿಂದಂತೆ ಗುಳಿ ಬೀಳುತ್ತದೆ, ಮೊಟ್ಟೆ ಇಟ್ಟರೆ ಊಟ ಮುಗಿಯುವುದರೊಳಗೆ ಕಪ್ಪು.

ಹಂತ 7: ಮೇಜಿಗೆ ಜೋಡಿಸುವುದು

ಹಂಪಿಯಲ್ಲಿ ಜನ ಭೋಜನಶಾಲೆ ಎಂದು ಕರೆಯುವ ಜಾಗವಿದೆ. ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲೇ ಕೊರೆದ ತಟ್ಟೆಗಳ ಸಾಲು. ಒಂದೊಂದರಲ್ಲೂ ಅನ್ನಕ್ಕೆ ಅಗಲ ಜಾಗ, ಪಲ್ಯ, ಸಾರಿಗೆ ಪುಟ್ಟ ಗುಳಿಗಳು. ಮೇಜು ಜೋಡಿಸುವಾಗ ನನಗೆ ಅದು ನೆನಪಾಗುತ್ತದೆ. ಅದನ್ನು ಮಾಡಿದ ಶಿಲ್ಪಿ ಅಡುಗೆಯ ಪಟ್ಟಿಯನ್ನು ಕೇಳಿಕೊಂಡೇ ಉಳಿ ಎತ್ತಿರಬೇಕು.

ನಮ್ಮ ಗಂಗಾಳವೂ ಹಾಗೆಯೇ. ನಾಲ್ಕು ಬೆರಳೆತ್ತರದ ಅಂಚು ಇರುವುದು ಅಂದಕ್ಕಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು ಕಲಸುವಾಗ ಹೊರಗೆ ಚೆಲ್ಲಬಾರದು. ಆದ್ದರಿಂದ ಗಂಗಾಳ ಹಾಕಿದ ದಿನ ನುಚ್ಚು ಮಜ್ಜಿಗೆ ಮಾಡಿ. ಪೂರಿ ಸಾಗು ಮಾಡಿದ ದಿನ ಚಪ್ಪಟೆ ತಾಟು ಸಾಕು.

ಒಂದು ತೊಡಕು ಮೊದಲೇ ಹೇಳುತ್ತೇನೆ. ಗಂಗಾಳಕ್ಕೆ ಜೊತೆಯಾಗಿ ಅಡ್ಡಣಿಗೆ ಇರುತ್ತದೆ, ಮೂರು ಕಾಲಿನ ಮೋಟು ಪೀಠ. ಲಿಂಗಾಯತರ ಮನೆಗಳಲ್ಲಿ ಪ್ರಸಾದಕ್ಕೆ ಕೂತಾಗ ಗಂಗಾಳವನ್ನು ಅದರ ಮೇಲೆಯೇ ಇಡುವುದು. ನೆಲದ ಮೇಲೆ ಕೂತವರಿಗೆ ಅದರ ಎತ್ತರ ಹೇಳಿ ಮಾಡಿಸಿದಂತಿರುತ್ತದೆ. ಮೇಜಿನ ಮೇಲಿಟ್ಟರೆ ತಾಟು ಎದೆಮಟ್ಟಕ್ಕೆ ಬಂದು, ಉಣ್ಣುವವರು ಮೊಳಕೈ ಎತ್ತಿಕೊಂಡು ಒದ್ದಾಡುತ್ತಾರೆ. ಮೇಜಿಗೆ ಅಡ್ಡಣಿಗೆ ಬೇಡ. ದಪ್ಪ ಹತ್ತಿಬಟ್ಟೆಯ ಮಡಿಕೆ ಹಾಸಿ. ಅಡ್ಡಣಿಗೆಯನ್ನು ಮೇಜಿನ ನಡುವೆ ಇಟ್ಟು ಅದರ ಮೇಲೆ ಹಣ್ಣಿನ ತಟ್ಟೆ ಇಡಬಹುದು. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ, ಹಬ್ಬದ ದಿನ ಚಾಪೆ ಹಾಸಿ ನೆಲಕ್ಕೇ ಕೂರಿಸುತ್ತೇನೆ.

ಅಳತೆ ನೋಡಿಕೊಳ್ಳಿ. ಗಂಗಾಳದ ಅಗಲ ಒಂದಡಿಗೂ ಹೆಚ್ಚು. ಮೂರಡಿ ಅಗಲದ ಮೇಜಿನಲ್ಲಿ ಎದುರುಬದುರು ಎರಡು ಇಟ್ಟರೆ ನಡುವೆ ಉಳಿಯುವುದು ಒಂದು ಗೇಣು. ಬಡಿಸುವ ಪಾತ್ರೆಗಳನ್ನು ಅಲ್ಲಿ ತುರುಕದೆ ಪಕ್ಕದ ಕಟ್ಟೆಯ ಮೇಲಿಟ್ಟು ಒಬ್ಬರು ಎದ್ದು ಬಡಿಸಲಿ. ಗಾಜಿನ ಮೇಜಾಗಿದ್ದರೆ ಕಂಚಿನ ಭಾರಕ್ಕೆ ಬಟ್ಟೆ ಹಾಸಲೇಬೇಕು. ಎಲ್ಲರಿಗೂ ಒಂದೇ ಬಗೆಯ ತಾಟು ಸಿಗಲಿಲ್ಲವೆಂದು ಕೊರಗಬೇಡಿ. ಹಿರಿಯರಿಗೆ ಕಂಚು, ಮಕ್ಕಳಿಗೆ ಸ್ಟೀಲು, ನಡುವೆ ಬೆಳ್ಳಿಯ ತುಪ್ಪದ ಬಟ್ಟಲು. ನಮ್ಮ ಮನೆಯ ಮೇಜು ಇರುವುದೇ ಹೀಗೆ. ತಾಮ್ರದ ತಂಬಿಗೆಯಲ್ಲಿ ನೀರು ಮಾತ್ರ. ಬೇಸಿಗೆಯಲ್ಲಿ ಅದರಲ್ಲೇ ನಿಂಬೆಪಾನಕ ಕಲಸುವ ಆಸೆಯಾಗುತ್ತದೆ, ತಡೆದುಕೊಳ್ಳಿ.

ಹೊಸದಾಗಿ ಕೊಳ್ಳುವವರಿಗೆ

ಮೊದಲು ನೆಂಟರ ಅಟ್ಟ, ಆಮೇಲೆ ಗುಜರಿ, ಕೊನೆಗೆ ಹಳೆಯ ವಸ್ತುಗಳ ಅಂಗಡಿ. ದರ ಏರುವುದೂ ಇದೇ ಕ್ರಮದಲ್ಲಿ. ಗುಜರಿಯವರು ತೂಕಕ್ಕೆ ಮಾರುತ್ತಾರೆ, ಅಂದಂದಿನ ಲೋಹದ ದರ ಕೇಳಿಕೊಂಡು ಹೋಗಿ. ಆನೆಗೊಂದಿ, ಹಂಪಿಯ ಕಡೆ ಯಾರಾದರೂ "ಹೊಲ ಉಳುವಾಗ ಸಿಕ್ಕಿದ್ದು" ಎಂದು ಪಾತ್ರೆ ತೋರಿಸಿದರೆ ಕೈ ಚಾಚಬೇಡಿ. ನೆಲದಲ್ಲಿ ಸಿಕ್ಕ ಹಳೆಯ ವಸ್ತುವನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬುದು ಕಾನೂನು. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದ ಮಗಳಿಗೆ ಮುತ್ತಜ್ಜಿಯ ತಂಬಿಗೆ ಕಳಿಸಬೇಕೆನ್ನುವವರು ಇದನ್ನು ನೆನಪಿಡಿ.

ಎತ್ತಿಡುವುದು

ತೊಳೆದು ಒರೆಸಿ, ಅರ್ಧ ಗಂಟೆ ಬಿಸಿಲಿಗಿಟ್ಟು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ. ಬೆಳ್ಳಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿನ ಗಂಧಕ ಕಪ್ಪು ಉಂಗುರ ಬಿಡುತ್ತದೆ. ಕಂಚಿನ ತಾಟುಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಬಟ್ಟೆ ಇರಲಿ. ಅಟ್ಟಕ್ಕೆ ಮತ್ತೆ ಹಾಕಬೇಡಿ, ಕೈಗೆಟಕುವ ಕಪಾಟಿನಲ್ಲಿಡಿ. ಏಣಿ ಹತ್ತಿ ತೆಗೆಯಬೇಕಾದ ಪಾತ್ರೆ ಆರು ತಿಂಗಳಲ್ಲಿ ಮರೆತುಹೋಗುತ್ತದೆ.

ಕಪಾಟಿನ ಬಾಗಿಲಿಗೆ ಒಂದು ನೋಟುಪುಸ್ತಕ ನೇತುಹಾಕಿದ್ದೇನೆ. ಯಾವ ಪಾತ್ರೆ, ಯಾರ ಮನೆಯದು, ಯಾವ ಲೋಹ, ಕಲಾಯಿ ಯಾವಾಗ ಆಯಿತು, ಮೈಮೇಲೆ ಏನು ಬರೆದಿದೆ ಎಂದು ಒಂದೊಂದು ಸಾಲು. ಅಜ್ಜಿಯ ಗಂಗಾಳದ ಮುಂದೆ, ಉಳಿದಿರುವ ಎರಡೂವರೆ ಅಕ್ಷರಗಳನ್ನು ಇದ್ದ ಹಾಗೆಯೇ ಚುಕ್ಕೆಯಿಟ್ಟು ಬರೆದುಕೊಂಡಿದ್ದೇನೆ. ಮತ್ತೆ ಹೆಸರು ಹಾಕಿಸಿಲ್ಲ.